ಬುದ್ಧಿಹಲ್ಲು ಕಿತ್ತ ಜಾಗವನ್ನು ಕಾಯುವುದು ಹೇಗೆ

ಬುದ್ಧಿಹಲ್ಲಿನ ಬಗ್ಗೆ ಮಾತಾಡಬೇಕು ಎಂದು ಈ ವಾಚನಾಲಯದವರು ಕೇಳಿದಾಗ ನಾನು ಒಂದು ಷರತ್ತು ಹಾಕಿದೆ. ಕೀಳುವ ಕೆಲಸದ ಬಗ್ಗೆ ಕಡಿಮೆ ಹೇಳುತ್ತೇನೆ, ಅದರ ಹಿಂದೆ ಮುಂದೆ ನೀವು ಮಾಡಬೇಕಾದ್ದರ ಬಗ್ಗೆ ಹೆಚ್ಚು ಹೇಳುತ್ತೇನೆ ಎಂದು. ಕೀಳುವುದು ನನ್ನಂಥ ಹಲ್ಲಿನ ಡಾಕ್ಟರರ ಪಾಲಿನ ಕೆಲಸ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಆಮೇಲಿನ ಒಂದು ವಾರ ನಿಮ್ಮ ಪಾಲಿನದು. ಎಡವಟ್ಟುಗಳು ಹೆಚ್ಚಾಗಿ ಆಗುವುದು ಆ ವಾರದಲ್ಲಿ. ಇಲ್ಲದಿದ್ದರೆ, ಕೀಳುವ ಮುಂಚೆ ರೋಗಿ ಹೇಳದೆ ಬಿಟ್ಟ ಯಾವುದೋ ಒಂದು ಮಾತಿನಿಂದ.

ಮೊದಲ ಪ್ರಶ್ನೆ, ಎಲ್ಲರೂ ಕೀಳಿಸಬೇಕೇ? ಬೇಡ. ದವಡೆಯ ಕಟ್ಟಕಡೆಯ ಈ ಹಲ್ಲು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನೊಳಗೆ ಬರುತ್ತದೆ. ಕೆಲವರಿಗೆ ನಾಲ್ಕೂ ಬರುತ್ತವೆ, ಕೆಲವರಿಗೆ ಒಂದೆರಡು, ಇನ್ನು ಕೆಲವರ ದವಡೆಯಲ್ಲಿ ಅದರ ಮೊಳಕೆಯೇ ಇರುವುದಿಲ್ಲ. ನೆಟ್ಟಗೆ ಬಂದಿದ್ದರೆ, ಬ್ರಷ್ ಅಲ್ಲಿಯವರೆಗೆ ತಲುಪುತ್ತಿದ್ದರೆ ಅದು ಅದರ ಪಾಡಿಗೆ ಇರಲಿ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್, 2000ದಲ್ಲಿಯೇ ಹೇಳಿದೆ: ದವಡೆಯೊಳಗೆ ಸಿಕ್ಕಿಕೊಂಡಿದ್ದರೂ ರೋಗವಿಲ್ಲದ ಬುದ್ಧಿಹಲ್ಲನ್ನು ಬರೀ ಮುಂಜಾಗ್ರತೆಗಾಗಿ ಕೀಳಬಾರದು. ಅಮೆರಿಕದಲ್ಲಿ ಹದಿಹರೆಯ ದಾಟುವಾಗಲೇ ನಾಲ್ಕನ್ನೂ ತೆಗೆಸಿಬಿಡುವ ರೂಢಿ ಬಹಳ ಇದೆ. ನಾನು ಬ್ರಿಟನ್ನಿನವರ ಕಡೆಗೆ ವಾಲುವವನು. ‘ಹೇಗೂ ಬಂದಿದ್ದೇವಲ್ಲ, ಕಿತ್ತುಬಿಡಿ’ ಎನ್ನುವವರನ್ನು ನಾನು ಹಾಗೆಯೇ ಮನೆಗೆ ಕಳುಹಿಸಿದ್ದುಂಟು.

ಹಾಗಾದರೆ ಕೀಳಬೇಕಾದ್ದು ಯಾವಾಗ? ಕೆಳದವಡೆಯ ಬುದ್ಧಿಹಲ್ಲು ಜಾಗ ಸಾಲದೆ ಹೆಚ್ಚಾಗಿ ಮುಂದಕ್ಕೆ ವಾಲಿ ನಿಲ್ಲುತ್ತದೆ. ಅರ್ಧ ಹೊರಗೆ, ಅರ್ಧ ಒಳಗೆ. ಅದರ ತಲೆಯ ಮೇಲೆ ಒಸಡಿನ ಒಂದು ಮುಚ್ಚಳ ಉಳಿಯುತ್ತದೆ. ಅನ್ನದ ಅಗುಳು, ಮೀನಿನ ಚೂರು ಏನಿದ್ದರೂ ಅದರ ಅಡಿಗೆ ಸೇರುತ್ತದೆ. ಹೊರಗೆ ಬರುವುದಿಲ್ಲ, ಒಳಗೇ ಕೊಳೆಯುತ್ತದೆ. ಒಸಡು ಬಾತುಕೊಳ್ಳುತ್ತದೆ. ಬಾತ ಒಸಡನ್ನು ಮೇಲಿನ ಹಲ್ಲು ಪ್ರತಿಸಲ ಬಾಯಿ ಮುಚ್ಚಿದಾಗಲೂ ಕಚ್ಚುತ್ತದೆ. ಬಾಯಿ ತೆರೆಯಲು ಆಗುವುದಿಲ್ಲ, ನೋವು ಕಿವಿಗೆ ಹೊಡೆಯುತ್ತದೆ, ಕಿವಿಯ ಡಾಕ್ಟರನ್ನು ನೋಡಿಕೊಂಡು ಆಮೇಲೆ ನನ್ನ ಬಳಿಗೆ ಬರುವವರೂ ಇದ್ದಾರೆ. ಇದು ಮತ್ತೆ ಮತ್ತೆ ಆಗುತ್ತಿದ್ದರೆ ಕೀಳುವುದೇ ಸರಿ. ವಾಲಿದ ಹಲ್ಲು ಮುಂದಿನ ಒಳ್ಳೆಯ ಹಲ್ಲನ್ನು ಹುಳುಕು ಮಾಡುತ್ತಿದ್ದರೂ ಕೀಳಬೇಕು. ಉಪಯೋಗವಿಲ್ಲದ ಹಲ್ಲನ್ನು ಇಟ್ಟುಕೊಂಡು ಉಪಯೋಗದ ಹಲ್ಲನ್ನು ಕಳೆದುಕೊಳ್ಳಬೇಡಿ. ಹಲ್ಲಿನ ಸುತ್ತ ನೀರುಗುಳ್ಳೆಯಂತಹ ಗಡ್ಡೆ ಎಕ್ಸ್‌ರೇಯಲ್ಲಿ ಕಂಡರಂತೂ ಎರಡನೆಯ ಮಾತಿಲ್ಲ.

ಆದರೆ ಬಾತುಕೊಂಡು ಕೀವಾಗಿರುವ ದಿನವೇ ‘ಈಗಲೇ ಕಿತ್ತುಬಿಡಿ’ ಎಂದು ಹಟ ಹಿಡಿಯಬೇಡಿ. ಸಾಮಾನ್ಯವಾಗಿ ಮೊದಲು ಆ ಮುಚ್ಚಳದ ಅಡಿಯನ್ನು ತೊಳೆದು, ಬೇಕಾದರೆ ಔಷಧಿ ಕೊಟ್ಟು, ಸೋಂಕು ಇಳಿದ ಮೇಲೆ ಕೀಳುತ್ತೇವೆ. ಸೋಂಕು ಇರುವ ಕಡೆ ಮರಗಟ್ಟಿಸುವ ಮದ್ದು ಸರಿಯಾಗಿ ಹಿಡಿಯುವುದಿಲ್ಲ. ಬಾಯಿಯೇ ತೆರೆಯದಿದ್ದರೆ ಉಪಕರಣ ಒಳಗೆ ಹೋಗುವುದಾದರೂ ಹೇಗೆ?

ಇದರ ನಡುವೆ ಒಂದು ಎಚ್ಚರಿಕೆ. ಬಾವು ಕೆನ್ನೆಯಲ್ಲಿದ್ದರೆ ನಾಳೆ ಬೆಳಿಗ್ಗೆಯವರೆಗೆ ಕಾಯಬಹುದು. ಗಲ್ಲದ ಅಡಿಗೆ, ಕುತ್ತಿಗೆಗೆ ಇಳಿದು ಗಟ್ಟಿಯಾದರೆ, ಉಗುಳು ನುಂಗಲು ಕಷ್ಟವಾದರೆ, ನಾಲಗೆ ಮೇಲಕ್ಕೆ ಎದ್ದಂತಾಗಿ ಮಾತು ತೊದಲಿದರೆ ರಾತ್ರಿ ಎಷ್ಟು ಹೊತ್ತಾದರೂ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜರ್ಮನಿಯ ಲುಡ್ವಿಗ್ ಎಂಬ ವೈದ್ಯ 1836ರಲ್ಲಿ ಇದನ್ನು ವಿವರಿಸಿದ, ಈಗಲೂ ಅವನ ಹೆಸರಿನಲ್ಲೇ ಕರೆಯುತ್ತೇವೆ. ಉಸಿರು ಕಟ್ಟಿ ಜೀವಕ್ಕೆ ಅಪಾಯ ತರುವ ಸ್ಥಿತಿ ಅದು. ಇಂಥ ಹೊತ್ತಿನಲ್ಲಿ ಉಪ್ಪಿನ ಗಂಟು ಬಿಸಿ ಮಾಡಿ ಕೆನ್ನೆಗೆ ಶಾಖ ಕೊಡುತ್ತಾ ಕೂರುವುದು ನಮ್ಮ ಕಡೆಯ ದೊಡ್ಡ ತಪ್ಪು.

ಈಗ ತಯಾರಿ. ಮೊದಲು ದಿನ ಗೊತ್ತುಮಾಡುವುದು. ಇಪ್ಪತ್ತರ ಆಸುಪಾಸಿನಲ್ಲಿ ಬೇರು ಪೂರ್ತಿ ಬಲಿತಿರುವುದಿಲ್ಲ, ಎಲುಬು ಸ್ವಲ್ಪ ಬಾಗುತ್ತದೆ. ನಲವತ್ತು ದಾಟಿದ ಮೇಲೆ ಅದೇ ಕೆಲಸ ಗಟ್ಟಿ, ಮಾಗುವುದೂ ನಿಧಾನ. ಆದ್ದರಿಂದ ಕೀಳಲೇಬೇಕು ಎಂದಾದ ಮೇಲೆ ವರ್ಷಗಟ್ಟಲೆ ಮುಂದೂಡಬೇಡಿ. ಆದರೆ ವಾರವನ್ನು ಆರಿಸಿಕೊಳ್ಳಿ. ಪ್ಲಸ್ ಟು ಪರೀಕ್ಷೆಯ ಹಿಂದಿನ ವಾರ ಬೇಡ. ಮನೆಯಲ್ಲಿ ಮದುವೆ ಇದ್ದರೆ ಬೇಡ. ಯಕ್ಷಗಾನದವರು ನನ್ನ ಬಳಿಗೆ ಬರುವುದು ಪತ್ತನಾಜೆ ಕಳೆದ ಮೇಲೆ. ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ನಂತರ. ಅವರ ಲೆಕ್ಕ ಸರಿಯಾಗಿದೆ. ರಾತ್ರಿಯಿಡೀ ಪದ ಹೇಳಬೇಕಾದ ಭಾಗವತರು, ಅರ್ಥ ಹೇಳಬೇಕಾದ ವೇಷಧಾರಿಗಳು, ಹೊಲಿಗೆ ಹಾಕಿದ ಬಾಯಿಯಲ್ಲಿ ರಂಗಕ್ಕೆ ಹೋಗುವಂತಿಲ್ಲ.

ನಮ್ಮ ಕಾಸರಗೋಡು ಜಿಲ್ಲೆಗೆ ವಿಶೇಷವಾದ ಇನ್ನೊಂದು ಗುಂಪು ಗಲ್ಫಿನಿಂದ ರಜೆಯಲ್ಲಿ ಬಂದವರು. ಬಂದ ಕೂಡಲೇ ನೆಂಟರಿಷ್ಟರ ಮನೆ, ಮನೆ ರಿಪೇರಿ, ಮದುವೆ ಮಾತುಕತೆ ಎಲ್ಲ ಮುಗಿಸಿ, ಟಿಕೆಟ್ಟಿಗೆ ಎರಡು ದಿನ ಉಳಿದಿರುವಾಗ ಹಲ್ಲು ನೆನಪಾಗುತ್ತದೆ. ಕೀಳುವುದು ಅರ್ಧ ಗಂಟೆ, ನಿಜ. ಆದರೆ ತೊಂದರೆ ಬರುವುದಾದರೆ ಅದು ಮೂರನೆಯ, ನಾಲ್ಕನೆಯ ದಿನ. ಆಗ ನೀವು ದುಬಾಯಿಯಲ್ಲಿ, ನಿಮ್ಮ ಎಕ್ಸ್‌ರೇ ಕಾಸರಗೋಡಿನಲ್ಲಿ. ರಜೆಯ ಮೊದಲ ವಾರದಲ್ಲೇ ಬನ್ನಿ.

ಎಕ್ಸ್‌ರೇ ಎಂದೆ. ಒಂದೇ ಫಿಲ್ಮಿನಲ್ಲಿ ಎರಡೂ ದವಡೆ ಕಾಣುವ ಓಪಿಜಿ ಎಂಬ ಚಿತ್ರ ತೆಗೆಸಲು ಹೇಳುತ್ತೇವೆ. ಕೆಳದವಡೆಯ ಎಲುಬಿನೊಳಗೆ ಒಂದು ಕೊಳವೆ ಇದೆ, ಅದರೊಳಗೆ ಕೆಳತುಟಿಗೂ ಗಲ್ಲಕ್ಕೂ ಸ್ಪರ್ಶ ಕೊಡುವ ನರ ಹೋಗುತ್ತದೆ. ಬುದ್ಧಿಹಲ್ಲಿನ ಬೇರು ಕೆಲವೊಮ್ಮೆ ಅದಕ್ಕೆ ತಾಗಿಕೊಂಡೇ ಇರುತ್ತದೆ. ಕೀಳುವಾಗ ಆ ನರಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿದಂತೆ ಉಳಿಯಬಹುದು. ಹೆಚ್ಚಿನವರಿಗೆ ಅದು ವಾರಗಳಲ್ಲಿ, ತಿಂಗಳುಗಳಲ್ಲಿ ಮರಳುತ್ತದೆ. ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಹಾಗೆಂದು ಹೇಳದೆ ಬಿಡುವಂತಿಲ್ಲ. ಬೇರು ನರವನ್ನು ಅಪ್ಪಿಕೊಂಡಿದ್ದರೆ ಹಲ್ಲಿನ ತಲೆಯನ್ನು ಮಾತ್ರ ತೆಗೆದು ಬೇರನ್ನು ಎಲುಬಿನಲ್ಲೇ ಬಿಡುವ ಕ್ರಮವೂ ಇದೆ. ‘ಡಾಕ್ಟರರು ಬೇರು ಉಳಿಸಿಬಿಟ್ಟರು’ ಎಂದು ಊರೆಲ್ಲ ಹೇಳುವ ಮುಂಚೆ ಯಾಕೆ ಎಂದು ಒಮ್ಮೆ ಕೇಳಿ.

ಇನ್ನು ನೀವು ಹೇಳಬೇಕಾದ ಮಾತು. ಇದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ. ನನ್ನ ಕ್ಲಿನಿಕ್ಕಿನಲ್ಲಿ ಮಗನ ಜೊತೆ ಬಂದ ಒಬ್ಬ ಅಮ್ಮನ ಮಾತು ಕೇಳಿ. ‘ಬಿಪಿ ಉಂಟೇ ಅಮ್ಮಾ?’ ಎಂದೆ. ‘ಇಲ್ಲ ಡಾಕ್ಟರೇ.’ ‘ಸಕ್ಕರೆ?’ ‘ಅದೂ ಇಲ್ಲ.’ ಮಗ ಪಕ್ಕದಿಂದ, ‘ಅಮ್ಮಾ, ದಿನಾ ಬೆಳಿಗ್ಗೆ ಮೂರು ಮಾತ್ರೆ ತಿನ್ನುತ್ತೀರಲ್ಲ?’ ಅಮ್ಮ ನನ್ನ ಕಡೆಗೆ ತಿರುಗಿ, ‘ಮಾತ್ರೆ ತಿನ್ನುತ್ತೇನಲ್ಲ, ಆದ್ದರಿಂದಲೇ ಈಗ ಇಲ್ಲ’ ಎಂದರು. ಅವರ ತರ್ಕದಲ್ಲಿ ಯಾವ ದೋಷವೂ ಇಲ್ಲ! ಆದರೆ ಆ ಮೂರರಲ್ಲಿ ಒಂದು ರಕ್ತ ತೆಳು ಮಾಡುವ ಮಾತ್ರೆಯಾಗಿತ್ತು.

ಆದ್ದರಿಂದ ಬಾಯಿಲೆಕ್ಕ ಬೇಡ, ಮಾತ್ರೆಯ ಪಟ್ಟಿಗಳನ್ನೇ ಒಂದು ಚೀಲದಲ್ಲಿ ಹಾಕಿ ತನ್ನಿ. ಗಲ್ಫಿನಿಂದ ಮಗ ಕಳುಹಿಸಿದ ಮಾತ್ರೆಯಾದರೆ ಪೆಟ್ಟಿಗೆ ಸಮೇತ ತನ್ನಿ, ಅಲ್ಲಿನ ಹೆಸರು ಇಲ್ಲಿನ ಹೆಸರಿಗೆ ಹೊಂದುವುದಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ‘ಹಲ್ಲು ಕೀಳಿಸುವುದಿದೆ’ ಎಂದು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎಂಬ ರಕ್ತ ತೆಳು ಮಾಡುವ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಿ ಬರುವುದುಂಟು, ನೆರೆಮನೆಯವರು ಹೇಳಿದರು ಎಂದು. ಹಾಗೆ ಮಾಡಬೇಡಿ. ಒಸಡಿನ ರಕ್ತವನ್ನು ಒತ್ತಿ, ಹೊಲಿದು ನಿಲ್ಲಿಸಲು ನಮಗೆ ಬರುತ್ತದೆ. ಸ್ಟೆಂಟಿನಲ್ಲಿ ರಕ್ತ ಗಟ್ಟಿಯಾದರೆ ಅದನ್ನು ಹಲ್ಲಿನ ಡಾಕ್ಟರು ಬಿಡಿಸಲಾರ. ನಿಲ್ಲಿಸಬೇಕೋ ಬೇಡವೋ ಎಂಬುದನ್ನು ಆ ಮಾತ್ರೆ ಬರೆದುಕೊಟ್ಟವರು ಹೇಳಬೇಕು. ರಕ್ತ ತೆಳು ಮಾಡುವ ಇನ್ನೊಂದು ಮಾತ್ರೆ ವಾರ್ಫರಿನ್ ತಿನ್ನುವವರು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಐಎನ್‌ಆರ್ ರಕ್ತಪರೀಕ್ಷೆಯ ಹೊಸ ಚೀಟಿ ತರಬೇಕು.

ಎಲುಬು ಸವೆತಕ್ಕೆ ವರ್ಷಕ್ಕೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುವ ಹೆಂಗಸರು ಅದನ್ನು ಔಷಧಿ ಎಂದೇ ಎಣಿಸುವುದಿಲ್ಲ. ವರ್ಷಕ್ಕೊಮ್ಮೆ ತಾನೇ ಎಂಬ ಭಾವನೆ. ಆ ಮದ್ದು ಎಲುಬಿನಲ್ಲಿ ಬಹಳ ಕಾಲ ನಿಲ್ಲುತ್ತದೆ, ಹಲ್ಲು ಕಿತ್ತ ಜಾಗ ಮಾಗದೆ ಎಲುಬು ಹಾಗೆಯೇ ತೆರೆದುಕೊಂಡು ಉಳಿಯುವ ಸಾಧ್ಯತೆ ಇದೆ. ಅಪರೂಪ, ಆದರೂ ಹೇಳಿ. ಪೆನಿಸಿಲಿನ್ ಒಗ್ಗುವುದಿಲ್ಲ, ನೋವಿನ ಮಾತ್ರೆ ತಿಂದರೆ ದಮ್ಮು ಬರುತ್ತದೆ, ಹೊಟ್ಟೆಯಲ್ಲಿ ಹುಣ್ಣಿದೆ, ಕಿಡ್ನಿಯ ತೊಂದರೆ ಇದೆ, ಗರ್ಭಿಣಿ, ಇವೆಲ್ಲ ಸಂಕೋಚದ ವಿಷಯಗಳಲ್ಲ.

ಅಡಿಕೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನೂ ಅಡಿಕೆ ತೋಟದ ಮನೆಯವನೇ, ಅಡಿಕೆ ಮಾರಿದ ದುಡ್ಡಿನಲ್ಲೇ ಓದಿದವನು. ತಿನ್ನಬೇಡಿ ಎನ್ನುವಾಗ ನನ್ನ ನಾಲಗೆ ಸ್ವಲ್ಪ ತಡವರಿಸುತ್ತದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ಸಂಪುಟದಲ್ಲಿ, ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್ ತರುವ ವಸ್ತು ಎಂದೇ ಪಟ್ಟಿಮಾಡಿದೆ. ನನ್ನ ಕೆಲಸಕ್ಕೆ ಸಂಬಂಧಿಸಿದ್ದು ಬೇರೆ. ವರ್ಷಗಟ್ಟಲೆ ಅಡಿಕೆ ಜಗಿದವರ ಕೆನ್ನೆಯ ಒಳಪದರ ಕ್ರಮೇಣ ಬಿಗಿಯಾಗುತ್ತದೆ, ಬಿಳಿಚುತ್ತದೆ, ಖಾರ ತಾಳುವುದಿಲ್ಲ, ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಹೋಗುತ್ತದೆ. ಈಗಲೇ ನೋಡಿಕೊಳ್ಳಿ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಮೇಲಿನ ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ತೂರಿಸಿ. ಹೋಗುತ್ತದೆಯೇ? ಎರಡೇ ಹೋದರೆ ಬುದ್ಧಿಹಲ್ಲು ಇರಲಿ ಬಿಡಲಿ, ಒಮ್ಮೆ ಬಾಯಿ ತೋರಿಸಿ. ಎರಡು ಬೆರಳಿನ ಬಾಯಿಯೊಳಗೆ ಕಟ್ಟಕಡೆಯ ಹಲ್ಲನ್ನು ಕೀಳುವುದು ನನಗೂ ಕಷ್ಟ, ನಿಮಗೂ ಕಷ್ಟ.

ಕೀಳಿಸುವ ದಿನ ಖಾಲಿ ಹೊಟ್ಟೆಯಲ್ಲಿ ಬರಬೇಕೇ? ಹೆಚ್ಚಿನವರಿಗೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಕೀಳುತ್ತೇವೆ. ಅವರು ಚೆನ್ನಾಗಿ ತಿಂಡಿ ತಿಂದು, ಬಿಪಿಯ, ಸಕ್ಕರೆಯ ಮಾತ್ರೆಯನ್ನು ದಿನದಂತೆ ತೆಗೆದುಕೊಂಡು ಬರಬೇಕು. ಉಪವಾಸ ಬಂದವರು ಸೂಜಿ ಕಂಡ ಕೂಡಲೇ ಕುರ್ಚಿಯಲ್ಲೇ ತಲೆಸುತ್ತಿ ಬೀಳುತ್ತಾರೆ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುವುದಾದರೆ ಮಾತ್ರ ಉಪವಾಸ, ಆಗ ಗಟ್ಟಿ ಆಹಾರ ನಿಲ್ಲಿಸಬೇಕಾದ ಹೊತ್ತನ್ನು ಆಸ್ಪತ್ರೆಯವರೇ ಹೇಳುತ್ತಾರೆ. ಸ್ಕೂಟರಿನಲ್ಲಿ ಒಬ್ಬರೇ ಬರಬೇಡಿ. ನಾಲ್ಕು ಮಾತು ಕೇಳಿ ನೆನಪಿಟ್ಟುಕೊಳ್ಳುವವರೊಬ್ಬರು ಜೊತೆಗಿರಲಿ. ಹತ್ತಿಯನ್ನು ಕಚ್ಚಿಕೊಂಡ ನೀವು ಏನನ್ನೂ ಕೇಳಲಾರಿರಿ.

ಕೀಳುವುದರ ಬಗ್ಗೆ ಎರಡೇ ಮಾತು. ಮರಗಟ್ಟಿಸುವ ಲಿಗ್ನೊಕೇನ್ ಎಂಬ ಮದ್ದನ್ನು ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದರು, ಜಗತ್ತಿನ ಕೋಟ್ಯಂತರ ಬಾಯಿಗಳು ಅವರಿಗೆ ಋಣಿ. ಅದರೊಂದಿಗೆ ಸೇರಿಸುವ ಅಡ್ರಿನಲಿನ್‌ನಿಂದ ಒಂದೆರಡು ನಿಮಿಷ ಎದೆ ಡವಗುಟ್ಟಬಹುದು, ಹೆದರಬೇಡಿ. ನೋವು ಗೊತ್ತಾಗುವುದಿಲ್ಲ, ಒತ್ತುವುದು ಗೊತ್ತಾಗುತ್ತದೆ, ಎಲುಬು ಕೊರೆಯುವ ಸದ್ದು ತಲೆಯೊಳಗೇ ಕೇಳಿಸುತ್ತದೆ. ನೋವಾದರೆ ಕೈ ಎತ್ತಿ, ಇನ್ನೊಂದಿಷ್ಟು ಮದ್ದು ಕೊಡುತ್ತೇವೆ. ಸಹಿಸಿಕೊಂಡವರಿಗೆ ಇಲ್ಲಿ ಬಹುಮಾನವಿಲ್ಲ.

ಹಲ್ಲು ಹೋಯಿತು. ಈಗ ಅಲ್ಲೊಂದು ಗುಂಡಿ. ಆ ಗುಂಡಿ ತುಂಬ ರಕ್ತ ಬಂದು ಹೆಪ್ಪುಗಟ್ಟುತ್ತದೆ. ಇನ್ನು ಮುಂದೆ ನಾನು ಹೇಳುವ ವಿಧಿ ನಿಷೇಧಗಳಲ್ಲಿ ಹೆಚ್ಚಿನವು ಆ ಹೆಪ್ಪನ್ನು ಕಾಪಾಡಲಿಕ್ಕೆ. ಅದೇ ಗಾಯಕ್ಕೆ ಮುಚ್ಚಳ, ಅದರ ಅಡಿಯಲ್ಲೇ ಹೊಸ ಮಾಂಸ, ಆಮೇಲೆ ಹೊಸ ಎಲುಬು ಬೆಳೆಯುವುದು. ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಗಳಿಗೆಗೊಮ್ಮೆ ಅಲುಗಾಡಿಸಿದರೆ ಮೊಸರು ಕಟ್ಟುತ್ತದೆಯೇ? ಇದೂ ಹಾಗೆಯೇ.

ಗಾಜ್ ಬಟ್ಟೆಯನ್ನು ಅರ್ಧ ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿ. ನಡುವೆ ತೆಗೆದು ‘ನಿಂತಿತೇ’ ಎಂದು ನೋಡಬೇಡಿ. ನಮ್ಮವರಿಗೆ ಅತ್ಯಂತ ಕಷ್ಟವಾದ ನಿಯಮ ಮುಂದಿನದು. ಉಗುಳಬೇಡಿ. ಬಾಯಲ್ಲಿ ಉಪ್ಪುಪ್ಪಾದ ರಕ್ತದ ರುಚಿ ಬಂದ ಕೂಡಲೇ ಅಂಗಳದ ಬದಿಗೆ ಹೋಗಿ ಕ್ಯಾಕರಿಸಿ ಉಗುಳುವುದು ನಮಗೆ ಅಭ್ಯಾಸ. ಉಗುಳಿದಾಗ ಬಾಯೊಳಗೆ ಆಗುವ ಸೆಳೆತಕ್ಕೆ ಹೆಪ್ಪು ಕಿತ್ತು ಬರುತ್ತದೆ, ಮತ್ತೆ ರಕ್ತ, ಮತ್ತೆ ಉಗುಳು. ಎರಡು ಹನಿ ರಕ್ತ ಬಾಯಿತುಂಬ ಎಂಜಲಿನೊಂದಿಗೆ ಸೇರಿದರೆ ಬಟ್ಟಲು ರಕ್ತದಂತೆ ಕಾಣುತ್ತದೆ. ನುಂಗಿಬಿಡಿ. ಮಾರನೆಯ ದಿನದವರೆಗೂ ಉಗುಳಿನಲ್ಲಿ ತೆಳು ಕೆಂಪು ಇರುವುದು ಸಹಜ. ಧಾರೆಯಾಗಿ ಬರುತ್ತಿದ್ದರೆ ಶುಭ್ರ ಬಟ್ಟೆಯನ್ನು ಮಡಚಿ ಇನ್ನೊಂದು ಅರ್ಧ ಗಂಟೆ ಕಚ್ಚಿ ಕುಳಿತುಕೊಳ್ಳಿ. ಆಗಲೂ ನಿಲ್ಲದಿದ್ದರೆ ಫೋನ್ ಮಾಡಿ.

ಅದೇ ಸೆಳೆತದ ಕಾರಣಕ್ಕೆ ಸ್ಟ್ರಾ ಬೇಡ. ಕ್ಲಿನಿಕ್ಕಿನಿಂದ ಹೊರಬಿದ್ದ ಕೂಡಲೇ ‘ತಂಪಾಗಲಿ’ ಎಂದು ರಸ್ತೆ ಬದಿಯಲ್ಲಿ ಬೊಂಡ, ಅಂದರೆ ಎಳನೀರು, ಕೊಡಿಸುತ್ತಾರೆ. ಬೊಂಡ ಒಳ್ಳೆಯದೇ, ಸ್ಟ್ರಾ ಹಾಕಿ ಹೀರುವುದು ಕೆಟ್ಟದ್ದು. ಲೋಟಕ್ಕೆ ಹೊಯ್ದು ಕುಡಿಯಿರಿ. ಬೀಡಿ, ಸಿಗರೇಟು ಎಳೆಯುವುದೂ ಹೀರುವುದೇ, ಸಾಲದ್ದಕ್ಕೆ ಹೊಗೆ ಗಾಯಕ್ಕೆ ರಕ್ತ ಬಾರದಂತೆ ಮಾಡುತ್ತದೆ. ಮೊದಲ ಇಪ್ಪತ್ತನಾಲ್ಕು ಗಂಟೆ ಬಾಯಿ ಮುಕ್ಕಳಿಸುವುದೂ ಬೇಡ. ಮೇಲ್ದವಡೆಯ ಹಲ್ಲು ಕಿತ್ತಾಗ ಮೂಗಿನ ಪಕ್ಕದ ಗಾಳಿಗೂಡಿಗೆ ದಾರಿಯಾಗಿದೆ ಎಂದು ಡಾಕ್ಟರು ಹೇಳಿದ್ದರೆ ಮೂಗು ಸೀಟಬೇಡಿ.

ಮೊದಲ ದಿನ ಕೆನ್ನೆಗೆ ತಣ್ಣಗಿನದು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಟ್ಟು, ಅಷ್ಟೇ ಹೊತ್ತು ತೆಗೆದು, ಮತ್ತೆ ಇಡಿ. ಮಲಗುವಾಗ ಒಂದು ದಿಂಬು ಹೆಚ್ಚಿಗೆ ಇರಲಿ. ನೋವಿನ ಮಾತ್ರೆಯನ್ನು ಮರಗಟ್ಟಿದ್ದು ಇಳಿಯುವ ಮುಂಚೆಯೇ ತಿನ್ನಿ, ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಕೊಟ್ಟದ್ದು ಸಾಲದೆಂದು ಮನೆಯಲ್ಲಿರುವ ಇನ್ನೊಂದನ್ನು ಸೇರಿಸಬೇಡಿ, ಹೆಸರು ಬೇರೆಯಾದರೂ ಎರಡರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ಸೋಂಕಿಗೆ ಮೆಟ್ರೊನಿಡಜೋಲ್ ಎಂಬ ಮಾತ್ರೆ ಕೊಟ್ಟಿದ್ದರೆ ಮದ್ಯ ಮುಟ್ಟಬೇಡಿ.

ಬಾವಿನ ವಿಷಯದಲ್ಲಿ ಮನೆಯವರು ಗಾಬರಿಯಾಗುವುದು ಹೆಚ್ಚು. ಕಿತ್ತ ದಿನಕ್ಕಿಂತ ಎರಡನೆಯ, ಮೂರನೆಯ ದಿನ ಕೆನ್ನೆ ಹೆಚ್ಚು ಊದುತ್ತದೆ. ಅದು ಅದರ ಸ್ವಭಾವ, ಆಮೇಲೆ ಇಳಿಯುತ್ತದೆ. ಬಾಯಿ ತೆರೆಯಲು ಬಿಗಿಯಾಗುವುದೂ ಹಾಗೆಯೇ. ಮೂರು ದಿನ ಕಳೆದ ಮೇಲೂ ಏರುತ್ತಲೇ ಇದ್ದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ ಕಾಯಬೇಡಿ.

ಮಾರನೆಯ ದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಊಟವಾದ ಮೇಲೆಲ್ಲ ಬಾಯಿಗೆ ತೆಗೆದುಕೊಳ್ಳಿ. ಗಳಗಳ ಮಾಡಬೇಡಿ. ತಲೆಯನ್ನು ಆ ಕಡೆ ಈ ಕಡೆ ಬಾಗಿಸಿ, ಬಾಯಿ ತೆರೆದು ನೀರನ್ನು ತಾನಾಗಿ ಬೀಳಲು ಬಿಡಿ. ಉಳಿದ ಹಲ್ಲುಗಳನ್ನು ಬ್ರಷ್ಷಿನಿಂದ ಉಜ್ಜಲೇಬೇಕು.

ಊಟಕ್ಕೆ ನಮ್ಮ ಅಡುಗೆಮನೆಯಲ್ಲೇ ಎಲ್ಲ ಇದೆ. ಕುಚ್ಚಲಕ್ಕಿ ಗಂಜಿಯನ್ನು ಚೆನ್ನಾಗಿ ಬೇಯಿಸಿ, ಕಿವುಚಿ, ಆರಿಸಿ ಉಣ್ಣಿ. ಇಡೀ ಅಗುಳು ಗುಂಡಿಯೊಳಗೆ ಹೋಗಿ ಕೂರುತ್ತದೆ. ರಾಗಿ ಮಣ್ಣಿ, ಹಿಸುಕಿದ ಬಾಳೆಹಣ್ಣು, ಬೇಳೆಯ ತಿಳಿ, ಮಜ್ಜಿಗೆ. ಒಂದೆಲಗದ ತಂಬುಳಿ ಬಹಳ ಒಳ್ಳೆಯದು, ಸಾಸಿವೆ ಒಗ್ಗರಣೆ ಮಾತ್ರ ಹಾಕಬೇಡಿ. ಹಲಸಿನ ಹಪ್ಪಳ ಕರಿಯುವ ದಿನವಾದರೆ ಆ ಕಡೆ ಮುಖ ಹಾಕಬೇಡಿ.

ಇಲ್ಲೊಂದು ಜಗಳ ಇದೆ. ಹಲ್ಲು ಕಿತ್ತವರಿಗೆ ಮೊಸರು ಕೊಟ್ಟರೆ ಕೀವಾಗುತ್ತದೆ, ಮೊಟ್ಟೆ ನಂಜು, ಬೇಳೆ ವಾಯು ಎಂದು ಹಿರಿಯರು ಪಥ್ಯ ಮಾಡಿಸುತ್ತಾರೆ. ಮೂರು ದಿನ ಬರೀ ಗಂಜಿತಿಳಿ ಕುಡಿದು, ಕೈಕಾಲು ನಡುಗುತ್ತಾ ಬಂದ ಹುಡುಗರನ್ನು ನಾನು ನೋಡಿದ್ದೇನೆ. ಗಾಯ ಮಾಗಲು ಮೈಯಲ್ಲಿ ಸತ್ವ ಬೇಕು. ಹುಳಿ, ಖಾರ ಗಾಯಕ್ಕೆ ಉರಿಯುತ್ತದೆ ಎಂದು ಬಿಡಿ, ಸರಿ. ಮೊಸರಿನಿಂದ ಕೀವಾಗುವುದಿಲ್ಲ. ಅಜ್ಜಿಯ ಜೊತೆ ವಾದಿಸುವ ಧೈರ್ಯ ನನಗಿಲ್ಲ, ‘ಹೆಸರುಬೇಳೆ ಹಾಕಿ ಗಂಜಿ ಮಾಡಿಕೊಡಿ ಅಜ್ಜೀ’ ಎಂದು ಕೇಳುತ್ತೇನೆ. ಅದಕ್ಕೆ ಯಾವ ಅಜ್ಜಿಯೂ ಇಲ್ಲವೆಂದಿಲ್ಲ.

ಇಷ್ಟೆಲ್ಲ ಮಾಡಿಯೂ ಕೆಲವರಿಗೆ ಹೆಪ್ಪು ಕಳಚಿಹೋಗುತ್ತದೆ. ಕಡಿಮೆಯಾಗುತ್ತಾ ಬಂದ ನೋವು ಮೂರನೆಯ ನಾಲ್ಕನೆಯ ದಿನ ತಿರುಗಿ ಏರುತ್ತದೆ, ಕಿವಿಗೆ, ತಲೆಗೆ ಸಿಡಿಯುತ್ತದೆ, ಬಾಯಿ ನಾರುತ್ತದೆ. ಕನ್ನಡಿಯಲ್ಲಿ ನೋಡಿದರೆ ಗುಂಡಿ ಬರಿದಾಗಿ, ಒಳಗೆ ಎಲುಬು ಬೂದು ಬಣ್ಣಕ್ಕೆ ಕಾಣುತ್ತದೆ. ಡ್ರೈ ಸಾಕೆಟ್ ಎನ್ನುತ್ತೇವೆ. ಬೀಡಿ ಸೇದುವವರಿಗೆ, ಗರ್ಭನಿರೋಧಕ ಮಾತ್ರೆ ತಿನ್ನುವವರಿಗೆ, ಕೆಳದವಡೆಗೆ ಇದು ಹೆಚ್ಚು. ಇದಕ್ಕೆ ಇನ್ನೊಂದು ಸುತ್ತು ಆಂಟಿಬಯಾಟಿಕ್ ನುಂಗಿ ಪ್ರಯೋಜನವಿಲ್ಲ. ಬಂದರೆ ತೊಳೆದು ಮದ್ದಿನ ಬತ್ತಿ ಇಡುತ್ತೇವೆ, ಹೆಚ್ಚಿನವರಿಗೆ ಅದೇ ದಿನ ಹಾಯೆನಿಸುತ್ತದೆ. ಆ ಮದ್ದಿನಲ್ಲಿ ಲವಂಗದ ಸತ್ವವೇ ಇರುತ್ತದೆ. ಹಾಗೆಂದು ಮನೆಯಲ್ಲಿ ಲವಂಗದೆಣ್ಣೆಯನ್ನು ಹಸಿ ಗಾಯಕ್ಕೆ ಸುರಿಯಬೇಡಿ, ಸುಡುತ್ತದೆ. ಹೊಗೆಸೊಪ್ಪು ಒತ್ತಿಡುವುದನ್ನಂತೂ ಕನಸಿನಲ್ಲೂ ಯೋಚಿಸಬೇಡಿ.

ಇನ್ನೊಂದು ಮಾತು, ಇದು ನಮ್ಮ ಊರಿನದೇ ಸಮಸ್ಯೆ. ಹೋಗುವಾಗ ಕೈಗೆ ಕೊಡುವ ಸೂಚನೆಯ ಹಾಳೆ ಕಾಸರಗೋಡಿನಲ್ಲಾದರೆ ಹೆಚ್ಚಾಗಿ ಮಲಯಾಳದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ ಇರುತ್ತದೆ. ಮಲಯಾಳ ಮಾತಾಡಲು ಬರುವ, ಓದಲು ಬಾರದ ಹಿರಿಯರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಅವರು ತಲೆಯಾಡಿಸಿ ಹಾಳೆ ಮಡಚಿ ಕಿಸೆಗೆ ಹಾಕಿಕೊಳ್ಳುತ್ತಾರೆ. ನಾಚಬೇಡಿ. ‘ಇದನ್ನು ಕನ್ನಡದಲ್ಲೋ ತುಳುವಿನಲ್ಲೋ ಹೇಳಿ’ ಎಂದು ಕೇಳಿ. ಕೇಳಿದ್ದನ್ನು ಹೊರಡುವ ಮುಂಚೆ ನೀವೇ ಒಮ್ಮೆ ತಿರುಗಿ ಒಪ್ಪಿಸಿ. ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಬರೆಸಿಕೊಳ್ಳಿ.

ಹೊಲಿಗೆಯನ್ನು ಸುಮಾರು ಒಂದು ವಾರಕ್ಕೆ ತೆಗೆಯುತ್ತೇವೆ. ಗುಂಡಿ ಮಾತ್ರ ಹಲವು ವಾರ ಉಳಿಯುತ್ತದೆ, ಎಲುಬು ತುಂಬಲು ತಿಂಗಳುಗಳೇ ಬೇಕು. ಅಷ್ಟರವರೆಗೆ ಅಲ್ಲಿ ಅನ್ನ ಸಿಕ್ಕಿದರೆ ಕಡ್ಡಿ ಹಾಕಿ ಕೆದಕಬೇಡಿ, ನೀರಿನಲ್ಲಿ ತೊಳೆಯಿರಿ. ನಾಲ್ಕು ಹಲ್ಲೂ ಕೀಳಿಸುವುದಿದ್ದರೆ ಒಂದು ಬದಿಯ ಮೇಲಿನದು ಕೆಳಗಿನದು ಒಟ್ಟಿಗೆ, ಇನ್ನೊಂದು ಬದಿಯದು ಕೆಲವು ವಾರ ಬಿಟ್ಟು ಮಾಡಿಸಿದರೆ ಜಗಿಯಲು ಒಂದು ಬದಿಯಾದರೂ ಉಳಿಯುತ್ತದೆ.

ಹಿಂದಿನ ಸಾಲಿನ ಹಿರಿಯರು ಒಂದು ಪ್ರಶ್ನೆ ಕೇಳುತ್ತಿದ್ದಾರೆ: ಎಲೆಯಡಿಕೆಯನ್ನು ಮತ್ತೆ ಯಾವಾಗ ಹಾಕಬಹುದು? ಅಣ್ಣಾ, ಹೊಲಿಗೆ ತೆಗೆಯುವ ದಿನ ಬನ್ನಿ. ನಿಮ್ಮ ಬಾಯಿಗೆ ಎಷ್ಟು ಬೆರಳು ಹೋಗುತ್ತದೆ ಎಂದು ಅಳೆದು ನೋಡಿ ಆಮೇಲೆ ಮಾತಾಡೋಣ. ಹೊಗೆಸೊಪ್ಪು ಸೇರಿಸುವುದಾದರೆ ಅದಕ್ಕೆ ನನ್ನಿಂದ ಯಾವ ದಿನಾಂಕವೂ ಸಿಗುವುದಿಲ್ಲ.